ಹಳೇ ಡ್ರೈವರ್

ಜೂನ್ 19, ಗುರುವಾರ

ಲ್ಯಾಪ್‌ಟಾಪಿಗೆ ಇವತ್ತು ಎರಡನೇ ಬಾಗಿಲು ಇಟ್ಟೆ. ಇನ್ನು ಮೇಲೆ ಆನ್ ಮಾಡಿದ ಕೂಡಲೇ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಅದೇ ಕೇಳುತ್ತದೆ. ಈ ಮನೆಯಲ್ಲಿ ನನಗೆ ಏನು ಬೇಕೆಂದು ಕೇಳುವ ವಸ್ತು ಒಂದಾದರೂ ಆಯಿತು. ಜುಲೈ ಐದಕ್ಕೆ ಆನ್‌ಲೈನ್ ಪರೀಕ್ಷೆ. ಪಾಸಾದರೆ ಸಾಫ್ಟ್‌ವೇರ್ ತಪಾಸಣೆಯ ಕೆಲಸ, ಮನೆಯಲ್ಲೇ ಕೂತು ಮಾಡುವಂಥದ್ದು. ಲಿನಕ್ಸ್ ಇಲ್ಲದಿದ್ದರೆ ಅವರು ಪರೀಕ್ಷೆಗೇ ಕೂರಿಸುವುದಿಲ್ಲ. ಮದುವೆಯಾಗಿ, ಕುಂದಗೋಳದ ಶಾಲೆಯ ಕಂಪ್ಯೂಟರ್ ಟೀಚರ್ ಕೆಲಸ ಬಿಟ್ಟು, ಅಣ್ಣಿಗೇರಿಗೆ ಬಂದ ಮೇಲೆ ನನ್ನ ಬೆರಳುಗಳು ಜೋಳದ ಹಿಟ್ಟು ಬಿಟ್ಟು ಬೇರೇನನ್ನೂ ಸರಿಯಾಗಿ ಮುಟ್ಟಿಲ್ಲ.

ಮಧ್ಯಾಹ್ನ ಕೊರಿಯರಿನವನು ಅಂದಾನೆಪ್ಪನವರ ಮನೆ ಎಲ್ಲಿ ಎಂದು ಕೇಳುತ್ತ ಓಣಿಯೆಲ್ಲ ಸುತ್ತಿ ಸುಸ್ತಾಗಿ ಬಂದ. ಮಾವನವರ ಹೆಸರು ಹಿಡಿದು ಕೇಳಿದರೆ ಈ ಊರಲ್ಲಿ ಮನೆ ಸಿಗುವುದಿಲ್ಲ, 'ಡ್ರೈವರ್ ಕಾಕಾ' ಅನ್ನಬೇಕು ಎಂದು ಹೇಳಿ ನೀರು ಕೊಟ್ಟೆ. ಬಸ್ಸು ಬಿಟ್ಟು ಇಷ್ಟು ವರ್ಷವಾದರೂ ಅವರು ಡ್ರೈವರೇ.

ಅವರ ಕೆಲಸವೂ ಇದೇ ಲ್ಯಾಪ್‌ಟಾಪಿನಲ್ಲಿ. ಭಜನಾ ಮೇಳದ ಹಳಬರಿಂದ ಕಲಿತ ತತ್ವಪದಗಳನ್ನೆಲ್ಲ ಟೈಪ್ ಮಾಡಿ, ಶ್ರಾವಣದೊಳಗೆ ಪುಸ್ತಕ ಮಾಡಿಸಬೇಕಂತೆ. ಮೊಣಕಾಲು ನೋವಾಗಿ ಕೊನೆಯ ವರ್ಷಗಳಲ್ಲಿ ಡಿಪೋದ ಟೇಬಲ್ಲಿಗೆ ಕೂರಿಸಿದ್ದಾಗ ಕಲಿತದ್ದೊಂದು ಹಳೆಯ ಕನ್ನಡ ತಂತ್ರಾಂಶ ಇದೆ. ತೆರೆಯ ಮೇಲೆ ಅಕ್ಷರಗಳ ಮನೆಗಳಿರುತ್ತವೆ, ಬಾಣದ ಗುರುತು ಒಯ್ದು ಒಂದೊಂದನ್ನೇ ಒತ್ತಬೇಕು. ಅದು ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಹಾಗಾಗಿ ಲ್ಯಾಪ್‌ಟಾಪಿನೊಳಗೇ ಇನ್ನೊಂದು ಸುಳ್ಳು ಕಂಪ್ಯೂಟರು, ಅಂದರೆ ವರ್ಚುವಲ್ ಮಷೀನು, ಕಟ್ಟಿಕೊಟ್ಟಿದ್ದೇನೆ. ಮಾವನವರು ಅದನ್ನು 'ಒಳಕೋಣಿ' ಅನ್ನುತ್ತಾರೆ. ಟ್ರ್ಯಾಕ್‌ಪ್ಯಾಡಿಗೆ 'ಪಾಟಿ'. ಮೌಸು ಹಿಡಿದರೆ ಅವರ ಅಂಗೈ ಜೋಮು ಹಿಡಿಯುತ್ತದೆ, ಆದ್ದರಿಂದ ಪಾಟಿಯ ಮೇಲೆ ತೋರುಬೆರಳೇ ಆಗಬೇಕು. ಸಂಜೆ ಒಂದು ತಾಸು ಅವರಿಗೆ ಬಿಟ್ಟುಕೊಡಬೇಕು. ನನ್ನ ತಲೆ ಚುರುಕಾಗಿರುವುದೂ ಅದೇ ತಾಸು. ಲ್ಯಾಪ್‌ಟಾಪ್ ಕೊಡಿಸಿದ್ದು ಅವರೇ ಆದ್ದರಿಂದ ಗೊಣಗುವ ಹಾಗೂ ಇಲ್ಲ.

ಚಹಾ ಕೊಟ್ಟಾಗ ಕಪ್ಪು-ಬಸಿ ಬೇಡ, ಲೋಟ ತಾ ಅಂದರು. ಯುಗಾದಿಯಿಂದ ಇದೊಂದು ಹೊಸ ಚಾಳಿ. ಸುಮ್ಮನೆ ಕೂತಾಗಲೂ ಹೆಬ್ಬೆರಳಿಗೆ ತೋರುಬೆರಳು ತಿಕ್ಕುತ್ತಿರುತ್ತಾರೆ, ವಿಭೂತಿ ತಿಕ್ಕಿದ ಹಾಗೆ. ಜಪ ಇರಬೇಕು.

ಜೂನ್ 22, ಭಾನುವಾರ

ಎಡವಟ್ಟಾಗಿದೆ. ಸಂಜೆ ಮಾವನವರು ಪಡಸಾಲೆಯಿಂದ ಕರೆದರು. ತೆರೆಯ ಮೇಲೆ 'ಶಿವನೇ' ಎಂದಿರಬೇಕಾದಲ್ಲಿ 'ಶಿಶಿವನೇನೇ' ಎಂದಿತ್ತು. ಒಮ್ಮೆ ಒತ್ತಿದರೆ ಎರಡು ಸಲ ಬೀಳುತ್ತದೆ. ಬಾಣ ಒಂದು ಕಡೆ ಒಯ್ದರೆ ಇನ್ನೊಂದು ಕಡೆ ಜಿಗಿಯುತ್ತದೆ. ಶಿವನಿಗೂ ತೊದಲು ಬಂತಲ್ಲ ಎಂದು ಮಾವನವರು ನಕ್ಕರು.

ನಾನು ಮೌಸಿನಲ್ಲೇ ಕೆಲಸ ಮಾಡುವುದರಿಂದ ಗೊತ್ತೇ ಆಗಿರಲಿಲ್ಲ. ಕೋಣೆಗೆ ತಂದು ನೋಡಿದರೆ ತಪ್ಪು ನನ್ನದೇ. ಲಿನಕ್ಸಿನ ಕಡೆಯಿಂದಲೂ ಒಳಕೋಣೆ ತೆರೆಯಲಿ ಎಂದು ಮೊನ್ನೆ ಅದರೊಳಗೆ ಹೊಸ ಡ್ರೈವರ್ ಹಾಕಿದ್ದೆ. ಟ್ರ್ಯಾಕ್‌ಪ್ಯಾಡ್ ಹೇಳಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಸಣ್ಣ ತಂತ್ರಾಂಶಕ್ಕೆ ಡ್ರೈವರ್ ಅನ್ನುತ್ತಾರೆ. ಹಳೆಯದನ್ನು ತೆಗೆದಿರಲಿಲ್ಲ. ಈಗ ಒಂದೇ ಪಾಟಿಗೆ ಇಬ್ಬರು ಡ್ರೈವರು. ಬೆರಳು ಒಂದು ಸಲ ತಟ್ಟಿದರೆ ಇಬ್ಬರೂ ವರದಿ ಒಪ್ಪಿಸುತ್ತಾರೆ. ವಿಂಡೋಸ್ ಬಾಗಿಲಿಂದ ಹೋದರೂ ಅದೇ ಗೋಳು, ಲಿನಕ್ಸ್ ಬಾಗಿಲಿಂದ ಹೋದರೂ ಅದೇ.

ಕೂತು ಸರಿ ಮಾಡಬಹುದು. ಆದರೆ ಒಳಗೆ ಹಳೆಯದನ್ನು ತೆಗೆದರೆ ಹೊರಗೆ ಲಿನಕ್ಸಿನಲ್ಲೂ ಕೈ ಹಾಕಬೇಕಾಗುತ್ತದೆ. ಇವತ್ತು ಬೆಳಿಗ್ಗೆಯೇ ಪರೀಕ್ಷೆಯವರು ಲ್ಯಾಪ್‌ಟಾಪ್ ತಪಾಸಣೆ ಮಾಡಿ ಒಪ್ಪಿದ್ದಾರೆ, ಇನ್ನು ಪರೀಕ್ಷೆ ಮುಗಿಯುವವರೆಗೆ ಏನನ್ನೂ ಬದಲಿಸಬೇಡಿ ಎಂದೂ ಹೇಳಿದ್ದಾರೆ. ಕೈ ಹಾಕಿ ಕೆಟ್ಟರೆ ಎಲ್ಲ ಹೋಯಿತು.

ಮಾವನವರು ಬಾಗಿಲಲ್ಲಿ ಬಂದು ನಿಂತು, ಏನಾಗಿದೆಯಂತೆ ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು ಇದು: "ಪಾಟಿ ಸರಿ ಐತ್ರಿ ಮಾವಾರ. ಬೆರಳು ಸ್ವಲ್ಪ ಸಡಿಲ ಬಿಡ್ರಿ. ನಿಮ್ಮ ಬೆರಳ ನಡಗಾಕತ್ತೇತಿ, ಅದಕ್ಕ ಎರಡೆರಡು ಬೀಳತಾವ."

ಅವರು ತಮ್ಮ ಬೆರಳನ್ನು ತಿರುಗಿಸಿ ನೋಡಿಕೊಂಡು ಹೋದರು. ನಾನು ಸುಳ್ಳು ಹೇಳುವ ಪೈಕಿ ಅಲ್ಲ. ಇದು ಸುಳ್ಳೂ ಅಲ್ಲ, ಸ್ವಲ್ಪ ಮುಂದಕ್ಕೆ ಹಾಕಿದ್ದು ಅಷ್ಟೇ. ಪರೀಕ್ಷೆ ಮುಗಿದ ದಿನವೇ ಸರಿ ಮಾಡುತ್ತೇನೆ.

ಜೂನ್ 25, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಪ್ರತಿವರ್ಷ ನಮ್ಮ ಓಣಿಗೆಲ್ಲ ಮಣ್ಣಿನ ಎತ್ತು ಮಾಡಿಕೊಡುವವರು ಮಾವನವರೇ. ನಾನು ಕೋಣೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೆ. ಬಾಗಿಲಿಂದ ಅವರ ಕೈ ಕಾಣುತ್ತಿತ್ತು. ಎತ್ತಿನ ಮೈ ಚೆನ್ನಾಗಿಯೇ ಬಂತು, ಕೋಡು ಅಂಟಿಸುವಾಗ ಬಿತ್ತು. ಮತ್ತೆ ಅಂಟಿಸಿದರು, ಅದು ಸೊಟ್ಟಗಾಯಿತು. ಮಣ್ಣು ಹದವಾಗಿಲ್ಲ ಅಂದರು. ಆಮೇಲೆ ಕೈಯನ್ನು ಎದುರಿಗೆ ಚಾಚಿ ಹಿಡಿದು ಬಹಳ ಹೊತ್ತು ನೋಡಿದರು. ಉಳಿದ ಎತ್ತುಗಳನ್ನು ಅತ್ತೆ ಅನ್ನವ್ವನೇ ಮಾಡಿ ಮುಗಿಸಿದಳು.

ನನ್ನ ಮಾತು ಅವರ ತಲೆಯಲ್ಲಿ ಕೂತಿದೆ. ಕೈ ನಡುಗುತ್ತದೆ ಎಂದು ಯಾರಾದರೂ ಹೇಳಿದರೆ ಎಂಥವರಿಗೂ ನಡುಗುತ್ತದೆ.

ಜೂನ್ 27, ಶುಕ್ರವಾರ

ಗಂಡ ಸುಭಾಸ ಗದಗಿನ ಬೀಜದ ಅಂಗಡಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅಪ್ಪ ಮಗ ಏನೋ ಮಾತಾಡಿದ್ದಾರೆ. ಹುಬ್ಬಳ್ಳಿಯ ನರದ ಡಾಕ್ಟರಿಗೆ ಫೋನ್ ಮಾಡಿ ಜುಲೈ ಒಂಬತ್ತಕ್ಕೆ ಹೆಸರು ಹಚ್ಚಿಸಿಬಿಟ್ಟರು. ಊಟಕ್ಕೆ ಕೂತಾಗ ಇವರು ನನ್ನನ್ನು ಕೇಳಿದರು, ಲ್ಯಾಪ್‌ಟಾಪ್ ಏನೂ ಕೆಟ್ಟಿಲ್ಲ ಹೌದಲ್ಲೋ ಎಂದು.

ಎದುರಿಗೆ ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಕೆಟ್ಟಿದೆ ಎಂದು ನಾನು ಹೇಳಲಿ ಎಂದು ಅವರು ಕಾಯುತ್ತಿದ್ದಾರೆ ಎಂದು ಗೊತ್ತಾಯಿತು. ಲ್ಯಾಪ್‌ಟಾಪ್ ಸರಿ ಇದೆ ಅಂದೆ.

ಇದು ಸುಳ್ಳು. ಇದಕ್ಕೆ ಬೇರೆ ಹೆಸರು ಹುಡುಕುತ್ತ ಕೂತಿದ್ದೇನೆ, ಸಿಗುತ್ತಿಲ್ಲ.

ಜೂನ್ 29, ಭಾನುವಾರ

ಮಧ್ಯಾಹ್ನ ರೂಬಿನಾ ಫೋನ್ ಮಾಡಿದಳು. ಕುಂದಗೋಳದಲ್ಲಿ ಒಟ್ಟಿಗೆ ಓದಿದವಳು, ಈಗ ನಾನು ಹಿಡಿಯಲು ಹೊರಟಿರುವ ಕೆಲಸವನ್ನೇ ಎರಡು ವರ್ಷದಿಂದ ಮಾಡುತ್ತಿದ್ದಾಳೆ. ಡ್ರೈವರ್ ಸುದ್ದಿ ಹೇಳಿದೆ. ಹಳೆಯದನ್ನು ಈಗಲೇ ತೆಗೆ, ಪರೀಕ್ಷೆಯ ದಿನ ಅದು ಹೊರಗೂ ತೊಂದರೆ ಕೊಟ್ಟರೆ ಏನು ಮಾಡುತ್ತೀ ಅಂದಳು. ನನಗೆ ಮೊದಲೇ ಸಿಟ್ಟು. ಕಿಟಕಿಯ ಹತ್ತಿರ ಹೋದರೆ ಮಾತ್ರ ಸಿಗ್ನಲ್ ಸಿಗುವುದರಿಂದ ಅಲ್ಲೇ ನಿಂತು ಜೋರಾಗಿಯೇ ಹೇಳಿದೆ: "ಎಲ್ಲಾ ತಕರಾರು ಹಳೇ ಡ್ರೈವರ್‌ದ ಐತಿ ಲೇ. ಹಳೇ ಡ್ರೈವರ್ ಇರೂತನಾ ನನ್ನ ಕೆಲಸಾ ಆಗಂಗಿಲ್ಲ. ಪರೀಕ್ಷಾ ಒಂದ್ ಮುಗೀಲಿ, ತಗದ ಒಗದಬಿಡ್ತೀನಿ."

ಹೇಳಿದ ಮೇಲೆ ಸ್ವಲ್ಪ ಹಗುರಾಯಿತು. ಸಂಜೆ ಮಾವನವರು ಲ್ಯಾಪ್‌ಟಾಪ್ ಕೇಳಲೇ ಇಲ್ಲ, ಕಟ್ಟೆಯ ಮೇಲೇ ಕೂತಿದ್ದರು. ಆ ತಾಸೂ ನನಗೇ ಸಿಕ್ಕಿತು. ಮಾದರಿ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲ.

ಜೂನ್ 30, ಸೋಮವಾರ

ಇವತ್ತೂ ಕೇಳಲಿಲ್ಲ. ಅಭ್ಯಾಸ ಚೆನ್ನಾಗಿ ಆಯಿತು ಎಂದು ಬರೆಯಬೇಕು. ಆಗಲಿಲ್ಲ.

ಜುಲೈ 2, ಬುಧವಾರ

ಲೂನಾ ಮೊಪೆಡ್ಡಿನ ಕೀಲಿ ಮೊಳೆಗೆ ನೇತಾಡುತ್ತಿದೆ. ಮಾವನವರು ಸಂತೆಗೂ ನಡೆದೇ ಹೋಗುತ್ತಾರೆ, ಸ್ಟೇಶನ್ ರೋಡಿಗೂ ನಡೆದೇ. ಮೊಣಕಾಲು ನೋಯುತ್ತಿದ್ದರೂ ಗಾಡಿ ಮುಟ್ಟುವುದಿಲ್ಲ. ನಿನ್ನೆ ಮೇಳದ ಮಡಿವಾಳೆಪ್ಪನನ್ನು ಕರೆದು ತಮ್ಮ ದಮ್ಮಡಿ ವಾದ್ಯ ಕೊಟ್ಟುಬಿಟ್ಟರಂತೆ, ಈ ಶ್ರಾವಣಕ್ಕೆ ನೀನೇ ಬಾರಿಸು ಎಂದು. ಆ ದಮ್ಮಡಿಯನ್ನು ಅವರು ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ.

ಇದನ್ನೆಲ್ಲ ಹೇಳಿದವಳು ಅತ್ತೆ, ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ. ನಾನು ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಆಮೇಲೆ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಪರೀಕ್ಷಾ ಮುಗದ ಮ್ಯಾಲೆ ಅವರನ್ನ ಎಲ್ಲಿಗಿ ಕಳಸಾಕಿ ನೀನು?"

ನನಗೆ ತಿಳಿಯಲಿಲ್ಲ. ಯಾರನ್ನ ಎಂದು ಕೇಳಿದೆ. ಹಳೇ ಡ್ರೈವರ್‌ನ್ನ ಅಂದಳು. ಭಾನುವಾರ ಮಾವನವರು ಕಿಟಕಿಯ ಕೆಳಗೆ ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರಂತೆ. ಒಳಗೆ ಬಂದು, ನಾ ಇರೂದು ಆ ಹುಡುಗಿ ಕೆಲಸಕ್ಕ ಅಡ್ಡ ಆಗೇತಿ, ಹುಡುಗನ ಮುಂದೆ ಏನೂ ಹೇಳಬ್ಯಾಡ ಅಂದರಂತೆ.

ಒಗ್ಗರಣೆ ಸೀದು ಹೋಯಿತು. ಅದು ಬೇರೆ ಡ್ರೈವರ್, ಕಂಪ್ಯೂಟರಿನೊಳಗೆ ಇರುವಂಥದ್ದು ಎಂದು ಹೇಳಲು ಹೋದೆ.

"ಈ ಮನ್ಯಾಗ ಬ್ಯಾರೆ ಡ್ರೈವರ್ ಯಾರದಾರವಾ?" ಅಂದಳು ಅತ್ತೆ.

'ಹಳೇ ಡ್ರೈವರ್' ಅಂದೆನೇ ಹೊರತು 'ಅದನ್ನ' ಎಂಬ ಒಂದು ಮಾತು ಸೇರಿಸಲಿಲ್ಲ. ಸೇರಿಸಿದ್ದರೆ ವಸ್ತು ಎಂದು ತಿಳಿಯುತ್ತಿತ್ತು. ನಾವು ಮಾತಾಡುವುದೇ ಹೀಗೆ, ಅರ್ಧ ನುಂಗಿ. ನನಗೆ ಅತ್ತೆಯ ಮುಂದೆ ನಿಲ್ಲಲಾಗಲಿಲ್ಲ. ನಾಚಿಕೆಯಾಗಿ ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಜುಲೈ 3, ಗುರುವಾರ

ಬೆಳಿಗ್ಗೆ ಮಾವನವರ ಹತ್ತಿರ ಹೋಗಿ ಕೂತೆ. ಡ್ರೈವರ್ ಅಂದರೆ ಏನು, ಕಂಪ್ಯೂಟರಿನಲ್ಲಿ ಅದಕ್ಕೇನು ಕೆಲಸ, ಫೋನಿನಲ್ಲಿ ಹೇಳಿದ್ದು ಯಾವುದರ ಬಗ್ಗೆ, ಎಲ್ಲ ಹೇಳಿದೆ. ಅವರು ಹೌದವ್ವಾ, ಹೌದು, ನೀ ಯಾಕ ಹಂಗಂತಿ ಅನ್ನುತ್ತ ತಲೆಯಾಡಿಸಿದರು. ಮಕ್ಕಳು ಕಟ್ಟಿದ ಕತೆಗೆ ದೊಡ್ಡವರು ತಲೆಯಾಡಿಸುತ್ತಾರಲ್ಲ, ಹಾಗೆ. ಒಂದಕ್ಷರವನ್ನೂ ನಂಬಲಿಲ್ಲ.

ನಂಬುವುದಾದರೂ ಹೇಗೆ? ಎರಡು ಡ್ರೈವರ್ ಜಗಳವಾಡುತ್ತಿವೆ ಎಂದು ಹೇಳಿದರೆ ಲ್ಯಾಪ್‌ಟಾಪ್ ಕೆಟ್ಟಿದೆ ಎಂದಾಗುತ್ತದೆ, ಬೆರಳಿನ ಮಾತು ಸುಳ್ಳಾಗುತ್ತದೆ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಹೇಳುವುದಕ್ಕೂ ಸರಿ ಮಾಡುವುದಕ್ಕೂ ಸಂಬಂಧವಿಲ್ಲ, ಹೇಳುವುದನ್ನು ಇವತ್ತೇ ಹೇಳಬಹುದಿತ್ತು ಎಂದು ಈಗ ಬರೆಯುವಾಗ ಹೊಳೆಯುತ್ತಿದೆ. ಆಗ ಹೊಳೆಯಲಿಲ್ಲ. ಹೊಳೆದಿತ್ತು. ಸುಮ್ಮನಿದ್ದೆ.

ಜುಲೈ 5, ಶನಿವಾರ

ಪರೀಕ್ಷೆ ಬರೆದೆ. ಹೇಗೆ ಬರೆದೆನೋ ಗೊತ್ತಿಲ್ಲ. ಮುಗಿದ ಮೇಲೆ ಊಟವನ್ನೂ ಮಾಡದೆ ರಿಪೇರಿಗೆ ಕೂತೆ. ಒಳಕೋಣೆಯಲ್ಲಿ ಹಳೆಯ ಡ್ರೈವರನ್ನು ತೆಗೆದೆ. ಲಿನಕ್ಸಿನ ಕಡೆ ಪಾಟಿಯನ್ನು ಒಬ್ಬರೇ ನೋಡಿಕೊಳ್ಳುವ ಹಾಗೆ ಮಾಡಿ ಮತ್ತೆ ಆನ್ ಮಾಡಿದರೆ ತೆರೆ ಕಪ್ಪಗೆ ಕೂತುಬಿಟ್ಟಿತು. ಹಿಂದಕ್ಕೆ ಹೋಗಿ ಮಾಡಿದ್ದನ್ನೆಲ್ಲ ಬಿಚ್ಚಿ, ಒಂದೊಂದಾಗಿ ಮತ್ತೆ ಕಟ್ಟಿದೆ. ಕೊನೆಗೆ ಎರಡೂ ಬಾಗಿಲಿಂದ ಒಳಕೋಣೆ ತೆರೆಯಿತು, ಬಾಣ ಹೇಳಿದಲ್ಲಿಗೆ ಹೋಗಿ ಹೇಳಿದಲ್ಲಿ ನಿಂತಿತು. 'ಶಿವನೇ' ಎಂದು ಬರೆದೆ. ತೊದಲಲಿಲ್ಲ.

ಸಂಜೆ ಲ್ಯಾಪ್‌ಟಾಪನ್ನು ಮಾವನವರು ಕೂತಿದ್ದ ಹೊರಸಿನ ಮೇಲಿಟ್ಟು, ಒತ್ತಿ ನೋಡ್ರಿ ಅಂದೆ. ಒಲ್ಲೆ ಅಂದರು. ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತು ಹೇಳಿದೆ. ಅವತ್ತು ಅಕ್ಷರ ಎರಡೆರಡು ಸಲ ಬಿದ್ದದ್ದು ಅವರ ಕೈಯಿಂದಲ್ಲ, ನಾನು ಹಾಕಿದ ಡ್ರೈವರಿನಿಂದ, ಅದು ಅವತ್ತೇ ನನಗೆ ಗೊತ್ತಿತ್ತು, ಪರೀಕ್ಷೆ ಕೆಡಬಾರದೆಂದು ಅವರ ಬೆರಳಿನ ಮೇಲೆ ಹಾಕಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಗೊತ್ತಿತ್ತಲ್ಲ, ಲಗೂನ ಯಾಕ ಹೇಳಲಿಲ್ಲ?" ಅಂದರು. ಅಷ್ಟೇ.

ಆಮೇಲೆ ಬೆರಳನ್ನು ಪಾಟಿಯ ಮೇಲಿಟ್ಟು ಒಂದು ಅಕ್ಷರ ಒತ್ತಿದರು. ಒಂದೇ ಬಿತ್ತು. ಇನ್ನೊಂದು ಒತ್ತಿದರು. ಮುಖ ಅರಳಿತು.

"ಹಂಗಾರ ನನ್ನ ಕೈ ಚಲೋ ಐತಿ?"

"ಚಲೋ ಐತ್ರಿ ಮಾವಾರ. ಅಗದಿ ಚಲೋ ಐತಿ," ಅಂದೆ.

ಇವರು ಬಂದ ಕೂಡಲೇ ಮಾವನವರು ಹುಬ್ಬಳ್ಳಿಯ ಡಾಕ್ಟರಿಗೆ ಬರುವುದಿಲ್ಲ ಎಂದು ಫೋನ್ ಮಾಡಿಸಿದರು. ಅಪ್ಪನ ಪರವಾಗಿ ಇವರಿಗೆ ನನ್ನ ಮೇಲೆ ಸಿಟ್ಟು ಬರಬೇಕಿತ್ತು. ಬಂದಿದೆ, ಮುಖ ತಿರುಗಿಸಿಕೊಂಡು ಮಲಗಿದ್ದಾರೆ. ಅದೂ ಸರಿಯೇ.

ಜುಲೈ 7, ಸೋಮವಾರ

ಊರಿಗೆಲ್ಲ ಗೊತ್ತಾಗಿದೆ. ಮಾವನವರು ಬಸ್‌ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು, ತಪ್ಪು ನನ್ನ ಕೈಯದಲ್ಲ, ಡ್ರೈವರ್‌ದು, ಆದರೆ ಈ ಡ್ರೈವರ್ ಅಲ್ಲ, ಆ ಡ್ರೈವರ್ ಎಂದು ಹೇಳಿ ಎಲ್ಲರನ್ನೂ ನಗಿಸಿ ಬಂದಿದ್ದಾರೆ. ಮಡಿವಾಳೆಪ್ಪ ದಮ್ಮಡಿ ವಾಪಸ್ ತಂದುಕೊಟ್ಟ. ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಲೂನಾದ ಮೇಲೆ ಪೇಟೆಗೆ ಹೋಗಿ ಬಂದರು. ಅತ್ತೆ ಇಳಿದವಳೇ ನನಗೊಂದು ಪೊಟ್ಟಣ ಮಿರ್ಚಿ ಭಜಿ ಕೊಟ್ಟಳು. ಬಿಸಿ ಇತ್ತು.

ಸಂಜೆ ಅವರು ಅಕ್ಷರ ಒತ್ತುತ್ತ ಹಾಡುತ್ತಾರೆ. ಒಂದು ಅಕ್ಷರ ಸಿಗುವತನಕ ಸ್ವರ ಎಳೆದು ಹಿಡಿದಿರುತ್ತಾರೆ, ಸಿಕ್ಕ ಮೇಲೆ ಬಿಡುತ್ತಾರೆ. ನಾನು ಕಾಯಿಪಲ್ಲೆ ಹೆಚ್ಚುತ್ತ ಅಲ್ಲೇ ಕೂತೆ. ಎರಡು ಪದ ನನಗೂ ಬಾಯಿಗೆ ಬಂದಿವೆ.

ಜುಲೈ 9, ಬುಧವಾರ

ಪಾಸಾಗಿದೆ. ಮುಂದಿನ ತಿಂಗಳಿಂದ ಕೆಲಸ. ರೂಬಿನಾಗೆ ಒಂದು ಸಾಲು ಕಳಿಸಿದೆ. ಮನೆಯಲ್ಲಿ ಹೇಳಿದೆ, ಮಾವನವರು ಸಕ್ಕರೆ ತರಿಸಿ ಎಲ್ಲರ ಬಾಯಿಗೆ ಹಾಕಿದರು. ನನ್ನ ಬಾಯಿಗೆ ಹಾಕುವಾಗ ಅರ್ಧ ನೆಲಕ್ಕೆ ಚೆಲ್ಲಿತು.

ಸಂಜೆ ಅವರು ಟೈಪ್ ಮಾಡಿದ್ದನ್ನು ತೋರಿಸಿದರು. ಅಕ್ಷರ ಎರಡೆರಡು ಬೀಳುತ್ತಿಲ್ಲ, ಆದರೆ ಪಕ್ಕದ ಮನೆಯದು ಬೀಳುತ್ತದೆ. 'ಗುರು' ಅನ್ನಬೇಕಾದಲ್ಲಿ 'ಘುರು'. ಡ್ರೈವರ್ ಇನ್ನೂ ಸ್ವಲ್ಪ ಉಳಿದಿರಬೇಕು, ನೋಡು ಅಂದರು. ಉಳಿದಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಕೋಣೆಗೆ ತಂದೆ.

ಬೆರಳು ಓಡಾಡಿದ ದಾರಿಯನ್ನು ತೆರೆಯ ಮೇಲೆ ಗೆರೆ ಎಳೆದು ತೋರಿಸುವ ಒಂದು ತಪಾಸಣೆ ಇದೆ. ಒಳಕೋಣೆಯನ್ನು ಮುಚ್ಚಿ, ಹೊರಗೇ ಓಡಿಸಿದೆ, ಅಲ್ಲಿ ಜಗಳವಾಡಲು ಎರಡನೆಯ ಡ್ರೈವರೇ ಇಲ್ಲ. ನಾನು ಎಳೆದ ಗೆರೆ ನೆಟ್ಟಗೆ ಬಂತು. ಮಾವನವರನ್ನು ಕರೆದು ಎಡದಿಂದ ಬಲಕ್ಕೆ ನಿಧಾನ ಎಳೆಯಿರಿ ಅಂದೆ. ಅವರು ಎಳೆದು, ಸರಿ ಆತೇನ ಎಂದು ಕೇಳಿ, ಮುಖ ತೊಳೆಯಲು ಹೋದರು.

ಅವರ ಗೆರೆ ಉದ್ದಕ್ಕೂ ಗರಗಸದ ಹಲ್ಲಿನ ಹಾಗೆ ಇದೆ.

ಇವತ್ತು ಹುಬ್ಬಳ್ಳಿಗೆ ಹೋಗಬೇಕಿದ್ದ ದಿನ.

ಜುಲೈ 10, ಗುರುವಾರ

ಕಡ್ಲಿಗಡಬು ಹುಣ್ಣಿಮೆ. ಕಡುಬು ಮಾಡುತ್ತಿದ್ದ ಅತ್ತೆಯನ್ನು ಎಬ್ಬಿಸಿ ತಂದು, ಹಿಟ್ಟಿನ ಕೈ ಒರೆಸಿ, ಗೆರೆ ಎಳೆಸಿದೆ. ನೆಟ್ಟಗೆ ಬಂತು. ಇವರಿಂದ ಎಳೆಸಿದೆ. ನೆಟ್ಟಗೆ. ಮಾವನವರಿಂದ ನನ್ನ ಫೋನಿನ ಮೇಲೆ ಎಳೆಸಿದೆ, ಆಟ ಎಂದು ಹೇಳಿ. ಅದೇ ಗರಗಸ. ಬೇರೆ ಯಾವ ಯಂತ್ರ ಸಿಕ್ಕರೂ ಅದರ ಮೇಲೆ ತಪ್ಪು ಹೊರಿಸಲು ಸಿದ್ಧಳಿದ್ದೆ. ಮನೆಯಲ್ಲಿ ಯಂತ್ರಗಳು ಮುಗಿದವು.

ಊಟದ ಹೊತ್ತಿಗೆ ಅವರ ಕೈ ನೋಡಿದೆ. ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದರು. ಹೆಬ್ಬೆರಳು ತೋರುಬೆರಳು ತಿಕ್ಕುತ್ತಲೇ ಇದ್ದವು. ಜಪ ಅಲ್ಲ ಅದು. ಬಸಿಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟದ್ದೂ ಚಾಳಿ ಅಲ್ಲ, ಚೆಲ್ಲುತ್ತದೆ. ಮಣ್ಣೂ ಹದವಾಗಿಯೇ ಇತ್ತು. ಇಷ್ಟು ದಿನ ನನ್ನ ಸುಳ್ಳಿನಿಂದ ಅವರ ಕೈ ನಡುಗಿತು ಎಂದು ಅಳುತ್ತಿದ್ದೆ, ಆ ಅಳುವಿನಲ್ಲಿ ಕೈಯನ್ನೇ ನೋಡಲಿಲ್ಲ. ಡಾಕ್ಟರಿಗೆ ಹೋಗುತ್ತಿದ್ದವರನ್ನು ತಡೆದವಳು ನಾನು. 'ಅಗದಿ ಚಲೋ ಐತಿ' ಎಂದು ಕಣ್ಣೀರು ಹಾಕಿ ಹೇಳಿದವಳು ನಾನು. ಒಂದು ಸಲ ಡ್ರೈವರಿನ ತಪ್ಪನ್ನು ಅವರ ಕೈಯ ಮೇಲೆ ಹಾಕಿದೆ, ಇನ್ನೊಂದು ಸಲ ಇರುವ ರೋಗವನ್ನು ಡ್ರೈವರಿನ ಮೇಲೆ ಹಾಕಿದೆ.

ಹಬ್ಬದ ದಿನ ಹೇಳುವುದು ಬೇಡ ಎಂದುಕೊಂಡೆ. ಕಡುಬು ಬಡಿಸುತ್ತ, ಅವರ ನಗು ನೋಡುತ್ತ, ನಾಳೆ ಎಂದುಕೊಂಡೆ. ಈ 'ನಾಳೆ' ನನಗೆ ಚೆನ್ನಾಗಿ ಪರಿಚಯವಿದೆ.

ಜುಲೈ 11, ಶುಕ್ರವಾರ

ಬೆಳಿಗ್ಗೆ ಎದ್ದು ಬಂದರೆ ಮಾವನವರು ಅಂಗಳದಲ್ಲಿ ಲೂನಾ ಒರೆಸುತ್ತಿದ್ದರು. ಅತ್ತೆಯ ಅಕ್ಕ ದುಂಡವ್ವನ ಊರಿಗೆ ಹೋಗುವುದಂತೆ, ಇಬ್ಬರೂ, ಗದಗ ರೋಡಿನ ಮೇಲೆ, ಲಾರಿಗಳ ನಡುವೆ. ಅತ್ತೆ ಒಳಗೆ ಹೊಸ ಸೀರೆ ಉಡುತ್ತಿದ್ದಳು. ಒರೆಸುವ ಬಟ್ಟೆ ಅವರ ಕೈಯಲ್ಲಿ ಅದುರುತ್ತಿತ್ತು. ನನಗೆ ಭಯವಾಯಿತು.

ಲ್ಯಾಪ್‌ಟಾಪ್ ತಂದು ಕಟ್ಟೆಯ ಮೇಲಿಟ್ಟೆ. ನಾಲ್ಕು ಗೆರೆ ತೋರಿಸಿದೆ. ಇದು ಅತ್ತೆಯದು, ಇದು ನಿಮ್ಮ ಮಗನದು, ಇದು ನನ್ನದು, ಇದು ನಿಮ್ಮದು ಅಂದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇದ್ಯಾವ ಡ್ರೈವರ್?"

"ಡ್ರೈವರ್ ಅಲ್ರಿ ಮಾವಾರ. ಲ್ಯಾಪ್‌ಟಾಪ್ ಸರಿ ಐತಿ. ಅವತ್ತು ಕೈ ಚಲೋ ಐತಿ ಅಂದೆ, ನನಗ ಗೊತ್ತಿರಲಿಲ್ಲ, ಆದ್ರೂ ಅಂದೆ. ಡಾಕ್ಟರಿಗಿ ಕೈ ತೋರಸೂಣ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ಓಣಿಯಲ್ಲಿ ಹೋಗುವವರು ಯಾರೋ 'ಡ್ರೈವರ್ ಕಾಕಾ' ಎಂದು ಕೂಗಿದರು, ಮಾವನವರು ಕೈ ಎತ್ತಿದರು, ಎಡಗೈ.

"ಈ ಸಲಾ ಲಗೂನ ಹೇಳಿದಿ," ಅಂದರು.

ಸುಮ್ಮನೆ ಇರಬಹುದಿತ್ತು. ಇಷ್ಟು ದಿನದಲ್ಲಿ ನನಗೆ ಸಿಕ್ಕ ಒಂದೇ ಒಂದು ಒಳ್ಳೆಯ ಮಾತು ಅದು.

"ಇಲ್ರಿ. ಬುಧವಾರನ ಗೊತ್ತಾಗಿತ್ತು," ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಲೂನಾದ ಸೀಟಿನ ಮೇಲೆ ಬಟ್ಟೆ ಇಟ್ಟು, ನನ್ನ ಪಕ್ಕ ಕಟ್ಟೆಯ ಮೇಲೆ ಕೂತರು.

"ನನಗ ಯುಗಾದಿಯಿಂದ ಗೊತ್ತೈತಿ ತಂಗಿ. ಯಾರ ಮುಂದೂ ಹೇಳಿಲ್ಲ. ಅವತ್ತು ನೀ ಬೆರಳ ನಡಗತೈತಿ ಅಂದಾಗ ಸಿಕ್ಕಬಿದ್ದೆ ಅನ್ಕೊಂಡೆ. ಆಮ್ಯಾಲೆ ನೀ ಡ್ರೈವರ್ ಅಂತ ಅಂದಿ ನೋಡು, ನನಗೂ ಆ ಡ್ರೈವರ್ ಬೇಕಾಗಿತ್ತು."

ಇಬ್ಬರೂ ಲೂನಾ ನೋಡುತ್ತ ಕೂತೆವು.

ಅತ್ತೆ ಸೀರೆ ಉಟ್ಟು ಬಾಗಿಲಿಗೆ ಬಂದಳು, ಹೊರಡೋಣವೇ ಎಂದು ಕೇಳಿದಳು. ಬಸ್ಸಿಗೆ ಹೋಗೂಣು ಅಂದರು ಮಾವನವರು. ಜೇಬಿನಿಂದ ಲೂನಾದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾವೇ ಮುಚ್ಚಿದರು. ಅವರ ಕೈಯ ನಡುಕ ನನ್ನ ಕೈಗೆ ತಾಗಿತು.

"ಸುಭಾಸಗ ಹೇಳಿ ಡಾಕ್ಟರಿಗಿ ಮತ್ತ ಫೋನ್ ಹಚ್ಚಸು. ನೀನೂ ಬಾ. ಅಲ್ಲಿ ನಾ ಏನೂ ಆಗಿಲ್ಲ ಅಂತೀನಿ, ನನಗ ಗೊತ್ತೈತಿ. ನೀ ಹೇಳಬೇಕು."

ಸೋಮವಾರಕ್ಕೆ ಹೆಸರು ಹಚ್ಚಿದ್ದಾರೆ. ನಾಲ್ಕು ಗೆರೆಗಳನ್ನೂ ಪ್ರಿಂಟ್ ತೆಗೆಸಿ ಚೀಲದಲ್ಲಿ ಇಟ್ಟಿದ್ದೇನೆ. ಸಂಜೆ ಅವರು ಹಾಡಿದರು, ನಾನು ಒತ್ತಿದೆ. ಒಂದು ಅಕ್ಷರ ಸಿಗುವುದು ತಡವಾದರೆ ಅವರು ಸ್ವರ ಹಿಡಿದುಕೊಂಡೇ ಇರುತ್ತಾರೆ, ಉಸಿರು ಮುಗಿಯುವತನಕ. ಆದ್ದರಿಂದ ನಾನು ಲಗೂ ಲಗೂ ಒತ್ತುತ್ತಿದ್ದೇನೆ.